ಹಕ್ಕಿ ಕಾಣಿಸಲಿಲ್ಲ, ಕೂಗು ಮಾತ್ರ

ಮಾರ್ಚ್ ೪, ಸೋಮವಾರ

ಸೊಸೆ ಈ ಪುಸ್ತಕ ತಂದುಕೊಟ್ಟಳು. ಅವಳ ಆಫೀಸಿನಲ್ಲಿ ಬೇಡವಾಗಿ ಬಿದ್ದಿದ್ದಂತೆ. ರಟ್ಟಿನ ಮೇಲೆ ಬಾಯಿ ತೆರೆದ ಮೀನಿನ ಚಿತ್ರವಿದೆ. ಮನಸ್ಸಿಗೆ ಬಂದದ್ದನ್ನು ಬರೆಯಿರಿ ಅತ್ತೆ, ಹೊತ್ತು ಹೋಗುತ್ತದೆ ಎಂದಳು. ಮನಸ್ಸಿಗೆ ಬಂದದ್ದನ್ನು ನಾನು ಬಾಯಲ್ಲೇ ಹೇಳಿಬಿಡುತ್ತೇನಲ್ಲ, ಅದಕ್ಕೆ ಮುಚ್ಚಳ ಹಾಕಲು ಈ ಉಪಾಯ. ಜಾಣೆ.

ನಾನು ಓದಿದ್ದು ನಾಲ್ಕನೆಯ ತರಗತಿ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೊಗಳಿದ್ದರು. ಆಮೇಲೆ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ಒಂದು ಕೈ ಬೇಕಾಯಿತು. ನನ್ನ ದುಂಡಗಿನ ಅಕ್ಷರ ಅಂಗಡಿ ಚೀಟಿ ಬರೆಯುತ್ತಲೇ ಮುದುಕಿಯಾಯಿತು.

ಮಗ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಹಗಲೆಲ್ಲ ಮಲಗುತ್ತಾನೆ. ಅವನು ಮಲಗಿದ್ದಾನೆಂದು ಮನೆಯವರೆಲ್ಲ ಬೆಕ್ಕಿನ ಹಾಗೆ ನಡೆಯುತ್ತಾರೆ. ಸೊಸೆ ಮ್ಯೂಸಿಯಂನಲ್ಲಿ ಹಳೆಯ ದಾಖಲೆಗಳನ್ನು ಕಾಯುವವಳು. ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ವಿಪರೀತ ಮಾತಾಡುತ್ತಾಳೆಂದು ನಾನೇ ಗಿಣಿ ಎಂದು ಹೆಸರಿಟ್ಟಿದ್ದೇನೆ.

ನಾನು ಇಲ್ಲಿ ಬೇರೂರಲು ಬಂದವಳಲ್ಲ. ತಂಗಿಯ ಮನೆಯಲ್ಲಿ ಸುಖವಾಗಿಯೇ ಇದ್ದೆ. ಬಂದದ್ದು ಟೇಪಿಗಾಗಿ. ನಮ್ಮವರು ಇದೇ ಮ್ಯೂಸಿಯಂನ ಹಕ್ಕಿ ವಿಭಾಗದಲ್ಲಿ ಕಾಡು ಸುತ್ತಿ ಕೂಗು ಹಿಡಿಯುವ ಕೆಲಸ ಮಾಡಿದವರು. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹೋಗುವುದು, ಹಕ್ಕಿ ಕೂಗಿದ್ದನ್ನು ಟೇಪಿನಲ್ಲಿ ತುಂಬಿಕೊಂಡು ಬರುವುದು. ಪ್ರತಿ ಕೂಗಿನ ಜೊತೆಗೆ ಎಲ್ಲಿ, ಯಾವಾಗ, ಯಾವ ಹಕ್ಕಿ ಎಂದು ತಮ್ಮ ಬಾಯಿಂದಲೇ ಹೇಳಿ ಸೇರಿಸಬೇಕಿತ್ತಂತೆ. ಅಂಥ ಟೇಪುಗಳು ದಾಖಲೆ ಕೋಣೆಯಲ್ಲಿ ಸಿಕ್ಕಿವೆ, ಈ ತಿಂಗಳು ಹೊರತೆಗೆದು ಓಡಿಸುತ್ತೇವೆ, ಮಾವನ ಧ್ವನಿ ಕೇಳಬಹುದು ಎಂದು ಸೊಸೆ ಹೇಳಿ ಕಳಿಸಿದಳು.

ಅವರ ಮುಖ ನೆನಪಿದೆ, ಫೋಟೋ ಇದೆ. ನಡಿಗೆಯೂ ನೆನಪಿದೆ. ಧ್ವನಿ ಮಾತ್ರ ಯಾವಾಗಲೋ ಜಾರಿಹೋಗಿದೆ. ಇದನ್ನು ಯಾರಿಗೆ ಹೇಳಲಿ? ಗಂಡನ ಧ್ವನಿ ಮರೆತ ಹೆಂಗಸು ಎಂದು ನಗುತ್ತಾರೆ. ಕೇಳಿ ಹೋಗಿಬಿಡುತ್ತೇನೆ. ಚೀಲ ಬಾಗಿಲ ಹಿಂದೆ ಇದೆ, ಬಟ್ಟೆ ಹೊರಗೆ ತೆಗೆದಿಲ್ಲ.

ಮಾರ್ಚ್ ೬, ಬುಧವಾರ

ಸೊಸೆಯ ಜೊತೆ ಹೋಗಿದ್ದೆ. ಮುಂದಿನ ಕಟ್ಟಡದಲ್ಲಿ ಸತ್ತ ಪ್ರಾಣಿಗಳು, ಹಿಂದಿನ ಕಟ್ಟಡದಲ್ಲಿ ಸತ್ತ ಕಾಗದಗಳು. ಮುಂದಿನದಕ್ಕೆ ಸಾಲುಗಟ್ಟಿ ಜನ ಬರುತ್ತಾರೆ. ಹಿಂದಿನದಕ್ಕೆ ಬಂದವಳು ನಾನೊಬ್ಬಳೇ ಇರಬೇಕು. ಬಾಗಿಲಲ್ಲೇ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟರು. ಶಾಯಿ ಒಳಗೆ ಬರಬಾರದಂತೆ. ಅದಕ್ಕೇ ಇವತ್ತಿನದು ಪೆನ್ಸಿಲ್ ಬರಹ.

ಒಳಗೆ ಚಳಿ. ಕಪಾಟುಗಳೆಲ್ಲ ಹಳಿಯ ಮೇಲೆ ನಿಂತಿವೆ, ಚಕ್ರ ತಿರುಗಿಸಿದರೆ ಸರಿದು ದಾರಿ ಬಿಡುತ್ತವೆ. ಬೂದು ಬಣ್ಣದ ಡಬ್ಬಗಳ ತುಂಬ ಮ್ಯೂಸಿಯಂನದೇ ಹಳೆಯ ಬದುಕು. ಪ್ರಾಣಿಗಳದ್ದಲ್ಲ, ಅವುಗಳನ್ನು ಹಿಡಿದವರದ್ದು, ಹೊತ್ತವರದ್ದು, ಚರ್ಮ ಸುಲಿದು ಹುಲ್ಲು ತುಂಬಿದವರದ್ದು, ಚಿತ್ರ ಬರೆದವರದ್ದು. ಒಂದು ಮೂಲೆಯಲ್ಲಿ ಹುಳಿ ವಾಸನೆ ಹೊಡೆಯಿತು. ಯಾರದೋ ಊಟದ ಡಬ್ಬಿ ಕೆಟ್ಟಿದೆ ನೋಡು ಎಂದೆ. ಅಲ್ಲವಂತೆ, ಹಳೆಯ ಫಿಲಂ ಕೆಟ್ಟರೆ ಹಾಗೆ ನಾರುತ್ತದಂತೆ. ಫಿಲಂಗೂ ವಯಸ್ಸಾದರೆ ವಾಸನೆ ಬರುತ್ತದೆ ಎಂದ ಮೇಲೆ ನನಗೆ ಸಮಾಧಾನವಾಯಿತು.

ಒಂದು ಫೋಟೋ ತೋರಿಸಿದಳು. ತಿಮಿಂಗಿಲದ ದವಡೆಯನ್ನು ಹತ್ತಾರು ಜನ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾರೆ. ನಮ್ಮವರು ಹೊರುತ್ತಿಲ್ಲ, ಅಂಚಿನಲ್ಲಿ ನಿಂತಿದ್ದಾರೆ, ಕಿವಿಗೆ ಆ ಕೇಳುವ ಸಾಮಾನು ಹಾಕಿಕೊಂಡು. ಹೊರುವವರ ಉಸಿರನ್ನು ತುಂಬಿಕೊಳ್ಳುತ್ತಿದ್ದರೋ ಏನೋ. ನನ್ನ ಎದುರಿಗೂ ಹೀಗೇ ಇರುತ್ತಿದ್ದರು, ಆ ಸಾಮಾನು ಇಲ್ಲದೆಯೇ ಕಿವಿ ಮುಚ್ಚಿಕೊಂಡು.

ಟೇಪು ನೋಡುವ ಗಡ್ಡದವನು ಒಬ್ಬನಿದ್ದಾನೆ. ಅವನ ಮೀಸೆ ತುಟಿಯ ಮೇಲೆ ಪರದೆ ಹಾಗೆ ಇಳಿದಿದೆ, ಮಾತೆಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಏನು ಹೇಳಿದನೋ ಅವನಿಗೇ ಗೊತ್ತು. ತಲೆಯಾಡಿಸಿ ಬಂದೆ.

ಮಾರ್ಚ್ ೧೦, ಭಾನುವಾರ

ಇವತ್ತು ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಿದ್ದರು. ವಾರಕ್ಕೊಮ್ಮೆ ಆಗುವ ಸಂಗತಿ. ಆದರೆ ಒಬ್ಬರಾದರೂ ಬಾಯಿ ಬಿಟ್ಟು ಮಾತಾಡಬೇಕಲ್ಲ. ಗುಸುಗುಸು, ಪಿಸಿಪಿಸಿ. ನಡುವೆ ಒಮ್ಮೆ ಎಲ್ಲರೂ ನಕ್ಕರು. ಏನೆಂದು ಕೇಳಿದೆ. ಮಗ ಕೈ ಬೀಸಿ ಬಿಟ್ಟ, ಹೇಳುವಂಥದ್ದಲ್ಲ ಎನ್ನುವ ಹಾಗೆ. ಸರಿ, ನಾನು ತಟ್ಟೆ ನೋಡಿಕೊಂಡು ಉಂಡೆ. ಹೆತ್ತವಳಿಗೆ ಹೇಳಲಾಗದ ನಗು ಎಂಥದ್ದಪ್ಪ.

ಮಧ್ಯಾಹ್ನ ಇನ್ನೊಂದು ರಾಮಾಯಣ. ಅಡುಗೆಮನೆಯ ನಲ್ಲಿ ಯಾರೋ ಬಿಟ್ಟುಹೋಗಿದ್ದಾರೆ. ನಾನೇ ಕೊನೆಗೆ ಪಾತ್ರೆ ತೊಳೆದವಳು ಎಂದು ಸೊಸೆಯ ಮುಖ ಹೇಳುತ್ತಿತ್ತು, ಬಾಯಿ ಹೇಳಲಿಲ್ಲ. ನೀರು ಹರಿದು ನಡುಮನೆಗೆ ಬಂದು, ಕೆಳಗಿನ ಮನೆಗೂ ಇಳಿದಿದೆ. ಕೆಳಮನೆಯ ದರ್ಜಿ ಬಂದು ಎಷ್ಟು ಹೊತ್ತಿನಿಂದ ಬಾಗಿಲು ಬಡಿಯುತ್ತಿದ್ದೇನೆ ಎಂದು ಕೂಗಾಡಿದನಂತೆ. ಬಡಿದಿದ್ದರೆ ಬಾಗಿಲ ಪಕ್ಕದಲ್ಲೇ ಕುಳಿತ ನನಗೆ ಗೊತ್ತಾಗುತ್ತಿರಲಿಲ್ಲವೆ? ಸುಳ್ಳು ಹೇಳಲೂ ಒಂದು ಹದ ಬೇಕು.

ಮಾರ್ಚ್ ೧೩

ಯಾರೂ ಬರಲಿಲ್ಲ. ಗೋಡೆ ಗಡಿಯಾರ ನಿಂತಿದೆ, ಟಿಕ್ ಎನ್ನುವುದಿಲ್ಲ. ಸೆಲ್ ಹಾಕೋ ಎಂದು ಮಗನಿಗೆ ಹೇಳಿದೆ. ಅವನು ಗಡಿಯಾರ ನೋಡಿದ, ತನ್ನ ಕೈಗಡಿಯಾರ ನೋಡಿದ, ಆಮೇಲೆ ನನ್ನನ್ನು ನೋಡಿದ. ಮಲಗಲು ಹೋದ.

ಮಾರ್ಚ್ ೧೭, ಭಾನುವಾರ

ಮೇಲಿನ ಮನೆಯ ಕೂಸು ನಾನು ಬಂದ ಹೊಸದರಲ್ಲಿ ಹಗಲೂ ರಾತ್ರಿ ಕಿರುಚುತ್ತಿತ್ತು. ಈಗ ಗಪ್ಪಾಗಿದೆ. ಅದರ ತಾಯಿ ಮೆಟ್ಟಿಲಲ್ಲಿ ಸಿಕ್ಕಿದಳು. ಪರವಾಗಿಲ್ಲ, ಮಗುವಿಗೆ ಒಳ್ಳೆಯ ಅಭ್ಯಾಸ ಮಾಡಿಸಿದ್ದೀಯ ಎಂದು ಹೊಗಳಿದೆ. ಅವಳು ನಿದ್ದೆಗೆಟ್ಟ ಕಣ್ಣಲ್ಲಿ ನನ್ನನ್ನು ಗುರಾಯಿಸಿ ಹೋದಳು. ಹೊಗಳಿಕೆಯನ್ನೂ ಸಹಿಸದ ಕಾಲ.

ಗಿಣಿಯೂ ಬದಲಾಗಿದ್ದಾಳೆ. ಎಷ್ಟು ಮಾತಾಡುತ್ತಿದ್ದಳು! ಈಗ ಹಿಂದಿನಿಂದ ಬಂದು ತೋಳು ಎಳೆಯುತ್ತಾಳೆ, ಎದುರು ನಿಂತು ಬಾಯನ್ನು ಈ ಪುಸ್ತಕದ ಮೀನಿನ ಹಾಗೆ ಅಗಲಿಸಿ ಅಗಲಿಸಿ ಆಡಿಸುತ್ತಾಳೆ. ಅಣಕಿಸುತ್ತೀಯಾ ಎಂದು ಬೆನ್ನಿಗೊಂದು ಕೊಟ್ಟೆ. ಅತ್ತಳು. ಅಳುವುದೂ ಸದ್ದಿಲ್ಲದೆ ಅಳುತ್ತಾಳೆ, ಈ ಮನೆಯ ಮಗಳೇ ಸರಿ.

ತಂಗಿ ಫೋನ್ ಮಾಡಿದ್ದಳು. ಹಲೋ ಹಲೋ ಎಂದೆ, ಆ ಕಡೆ ನೊಣ ಗುಂಯ್‌ಗುಟ್ಟಿದ ಹಾಗೆ ಏನೋ. ಊಟ ಮಾಡಿ ಮಾತಾಡೇ ಎಂದು ಬೈದು ಇಟ್ಟುಬಿಟ್ಟೆ. ಇಟ್ಟ ಮೇಲೆ ಬೇಜಾರಾಯಿತು. ನನ್ನ ಹತ್ತಿರ ಮಾತಾಡಬೇಕೆಂದು ಮಾಡಿದವಳು ಅವಳೊಬ್ಬಳೇ.

ಒಂದು ಮನೆ ತುಂಬ ಜನ ಇದ್ದು, ನಾನು ಗೋಡೆಯ ಆಚೆ ಕುಳಿತವಳ ಹಾಗಿದ್ದೇನೆ. ಬಾಯಿ ಆಡುವುದು ಕಾಣುತ್ತದೆ. ನನಗೆಂದು ಒಂದು ಮಾತೂ ಈ ಕಡೆ ಬೀಳುವುದಿಲ್ಲ. ನಮ್ಮವರೂ ಮಾತಿನಲ್ಲಿ ಜಿಪುಣರೇ. ಉಂಡು ಎದ್ದರೆ "ಅಷ್ಟೇ". ಜಗಳವನ್ನು ನಾನು ಎಷ್ಟೇ ಎಳೆಯಲಿ, ಅವರ ಕಡೆಯಿಂದ "ಅಷ್ಟೇ". ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತರೂ "ಅಷ್ಟೇ". ಅದನ್ನು ಯಾವ ರಾಗದಲ್ಲಿ ಹೇಳುತ್ತಿದ್ದರು ಎಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮಕ್ಕಳಿಗೂ ಈ ಮಾತು ಹೇಳಿಲ್ಲ. ಅವರು ಅದನ್ನು ಹೇಳುತ್ತಿದ್ದದ್ದು ನನಗೆ, ನನ್ನ ಹತ್ತಿರವೇ ಇರಲಿ.

ಮಾರ್ಚ್ ೨೦, ಬುಧವಾರ

ಸೊಸೆ ಬಂದವಳೇ ಎದುರಿಗೆ ಕುಳಿತು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದಳು. ಮಾವನ ಟೇಪು ಓವನ್ನಿನಲ್ಲಿದೆ. ಸುಟ್ಟರಾ ಎಂದೆ. ನಕ್ಕಳು. ಹಳೆಯ ಟೇಪಿನ ಅಂಟು ವರ್ಷಗಳು ಕಳೆದಂತೆ ಬೆವರುತ್ತದಂತೆ. ಹಾಗೇ ಯಂತ್ರಕ್ಕೆ ಹಾಕಿದರೆ ಕಚ್ಚಿಕೊಂಡು ಸಿಪ್ಪೆ ಎದ್ದು, ಇದ್ದ ಸದ್ದೂ ಹೋಗುತ್ತದಂತೆ. ಅದಕ್ಕೆ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಆರಿಸಿ, ಆಮೇಲೆ ಓಡಿಸಿ, ಓಡುತ್ತಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಎಷ್ಟು ಬಿಸಿ ಎಂದು ಕೇಳಿದೆ. ಮೊಸರಿಗೆ ಹೆಪ್ಪು ಹಾಕುವ ಹಾಲಿಗಿಂತ ಸ್ವಲ್ಪ ಜಾಸ್ತಿ ಎಂದಳು. ನನಗೆ ಅರ್ಥವಾಗುವ ಹಾಗೆ ಹೇಳಲು ಬರುತ್ತದೆ ಅವಳಿಗೆ. ಇಷ್ಟು ದಿನ ಯಾಕೆ ಹೇಳುತ್ತಿರಲಿಲ್ಲವೋ.

ಶುಕ್ರವಾರ ಓಡಿಸುತ್ತಾರೆ. ಇನ್ನು ಆ ಚೀಲ ಎತ್ತಿಕೊಂಡು ಹೊರಡುವುದೊಂದೇ ಬಾಕಿ. ಹಾಕಿಕೊಂಡು ಹೋಗಲು ಒಳ್ಳೆಯ ಬಟ್ಟೆ ತೆಗೆದಿಟ್ಟೆ. ನಮ್ಮವರು ನೋಡುವುದಿಲ್ಲ, ಗೊತ್ತು. ತೆಗೆದಿಟ್ಟೆ.

ಮಾರ್ಚ್ ೨೨, ಶುಕ್ರವಾರ

ಹೋಗಿ ಬಂದೆ.

ಚಿಕ್ಕ ಕೋಣೆ. ಗೋಡೆಗೆಲ್ಲ ಮೆತ್ತೆ ಹೊಡೆದಿದ್ದಾರೆ. ನನ್ನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಗಡ್ಡದವನು ಟೇಪಿನ ತುದಿಯನ್ನು ಕಂಬಿಗಳ ಸಂದಿಯಲ್ಲಿ ನೂಲಿನ ಹಾಗೆ ತೂರಿಸಿ ಗುಂಡಿ ಒತ್ತಿದ. ಎರಡು ಚಕ್ರ ಮೆಲ್ಲಗೆ ತಿರುಗಿದವು. ಮೊದಲು ಬಿಳಿ ಪಟ್ಟಿ ಬಂತು. ಸೊಸೆ ನನ್ನ ಪಕ್ಕದಲ್ಲಿ, ಕೈ ನನ್ನ ಕೈ ಮೇಲೆ.

ಯಂತ್ರದ ಸದ್ದು ತುಂಬ ಸಣ್ಣಗೆ ಇಟ್ಟಿದ್ದರು ಎಂದು ಕಾಣುತ್ತದೆ. ಇಲ್ಲವೇ ಅಷ್ಟು ವರ್ಷ ಡಬ್ಬದಲ್ಲಿದ್ದು ಧ್ವನಿಯೇ ಸವೆದಿರಬೇಕು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಪಾಪ, ಅಷ್ಟು ಕಷ್ಟಪಟ್ಟು ಒಲೆಯಲ್ಲಿಟ್ಟು ಆರಿಸಿ ತಂದಿದ್ದಾರೆ. ಹೌದು, ಅದೇ ಧ್ವನಿ, ಅವರದೇ ಎಂದೆ. ಕಣ್ಣು ಒರೆಸಿಕೊಂಡೆ. ಗಡ್ಡದವನು ಸೊಸೆಯ ಕಡೆ ನೋಡಿದ. ಸೊಸೆ ಚಕ್ರದ ಕಡೆ ನೋಡಿದಳು. ಎಲ್ಲರಿಗೂ ತೃಪ್ತಿಯಾಯಿತು.

ಮಾರ್ಚ್ ೨೩

ಕೇಳಿಸಲಿಲ್ಲ. ನಿನ್ನೆ ನನಗೆ ಏನೂ ಕೇಳಿಸಲಿಲ್ಲ.

ಮಾರ್ಚ್ ೨೬, ಮಂಗಳವಾರ

ಹೊರಡುತ್ತೇನೆ, ಬಸ್ಸು ಹತ್ತಿಸು ಎಂದು ಬೆಳಿಗ್ಗೆ ಮಗನಿಗೆ ಹೇಳಿದೆ. ಅವನು ಸೊಸೆಯನ್ನು ಕರೆದ. ಅವಳು ಆಫೀಸಿಗೆ ಹೊರಟು ನಿಂತವಳು ಚಪ್ಪಲಿ ಬಿಚ್ಚಿ ಒಳಗೆ ಬಂದಳು. ನನ್ನ ಬಲಗಿವಿಯ ಹತ್ತಿರ ಬಾಯಿ ತಂದು, ಕೂಗದೆ, ಬಿಡಿಸಿ ಬಿಡಿಸಿ ಹೇಳಿದಳು.

"ಅತ್ತೆ, ಅವತ್ತು ನೀವು ಹೌದು ಅಂದಾಗ ಇನ್ನೂ ಖಾಲಿ ಪಟ್ಟಿ ಓಡ್ತಾ ಇತ್ತು. ಮಾವ ಮಾತು ಶುರುನೇ ಮಾಡಿರಲಿಲ್ಲ."

ಆ ಬಿಳಿ ಪಟ್ಟಿ. ಟೇಪಿನ ತುದಿ ಹರಿಯದಿರಲೆಂದು ಮುಂದೆ ಅಂಟಿಸುವ ಬರಿಯ ಪಟ್ಟಿಯಂತೆ ಅದು. ಅದರಲ್ಲಿ ಏನೂ ಇರುವುದಿಲ್ಲವಂತೆ. ನಾನು ಏನೂ ಇಲ್ಲದ್ದಕ್ಕೆ ಕಣ್ಣೊರೆಸಿಕೊಂಡು ಕುಳಿತಿದ್ದೆ, ಆ ಗಡ್ಡದವನ ಮುಂದೆ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ಗೊತ್ತಿದ್ದೂ ಯಾಕೆ ಬಾಯಿ ಮುಚ್ಕೊಂಡಿದ್ದೆ?" ಎಂದೆ.

"ನೀವು ಅಳ್ತಾ ಇದ್ರಿ."

"ಅದೇನು ಅಳುವೇ? ನಾಟಕ."

"ಮೊದಲು ನಾಟಕ. ಆಮೇಲೆ ನಿಜವಾಗಿ ಬಂತಲ್ಲ ಅತ್ತೆ."

ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ. ಆ ಹೊತ್ತಿಗೆ ಗಿಣಿ ಬಂದು ಎದುರು ನಿಂತು ಮತ್ತೆ ಆ ಮೀನಿನ ಬಾಯಿ ಮಾಡಿದಳು. ಈ ಸಲ ಹೊಡೆಯದೆ ನೋಡಿದೆ. ಅಣಕವಲ್ಲ. ಅಜ್ಜಿ, ಹೋಗಬೇಡ. ಅಷ್ಟನ್ನೇ ದೊಡ್ಡದಾಗಿ ಬಾಯಿ ತೆರೆದು ಹೇಳುತ್ತಿದ್ದಳು. ಅವತ್ತು ಏನು ಹೇಳಲು ಬಂದಿತ್ತೋ ಕೂಸು, ಏಟು ತಿಂದು ಹೋಯಿತು.

ಗಡಿಯಾರ ನಿಂತಿರಲಿಲ್ಲ. ದರ್ಜಿ ಬಾಗಿಲು ಬಡಿದಿದ್ದ. ಕೂತು ಒಂದೊಂದಾಗಿ ನೆನೆಸಿಕೊಂಡೆ. ತಂಗಿ ಎಷ್ಟು ಕೂಗಿಕೊಂಡಳೋ ಆ ಕಡೆ.

ಏಪ್ರಿಲ್ ೨, ಮಂಗಳವಾರ

ಕಿವಿಯ ಡಾಕ್ಟರ ಹತ್ತಿರ ಮೂವರೂ ಕರೆದುಕೊಂಡು ಹೋದರು. ದೆವ್ವ ಬಿಡಿಸಲು ಕರೆದೊಯ್ದ ಹಾಗೆ. ಡಾಕ್ಟರು ಹೆಂಗಸು, ನನ್ನ ತಂಗಿಯ ವಯಸ್ಸು. ಹೋದ ಕಿವಿ ತಿರುಗಿ ಬರುವುದಿಲ್ಲ, ಇರುವುದನ್ನು ಮೆಷಿನ್ನಿನಿಂದ ಹಿಡಿದುಕೊಳ್ಳಬಹುದು ಎಂದರಂತೆ. ಪರೀಕ್ಷೆಗೆಂದು ಒಂದನ್ನು ತುರುಕಿದರು.

ಅಬ್ಬ, ಎಂಥ ಗಲಾಟೆ. ಕುರ್ಚಿ ಎಳೆದರೆ ಸಿಡಿಲು. ಕಾಗದ ಮಡಿಸಿದರೆ ಬೆಂಕಿ. ಮಗ ಅಮ್ಮಾ ಎಂದ. ಅಮ್ಮಾ ಎಂದದ್ದು ತಿಳಿಯಿತು, ಆದರೆ ಮಗನ ಹಾಗೆ ಇರಲಿಲ್ಲ. ತಗಡಿನ ಡಬ್ಬದೊಳಗೆ ಕುಳಿತು ಯಾರೋ ಹೇಳಿದ ಹಾಗೆ. ಸೊಸೆಯೂ ತಗಡು, ಗಿಣಿಯೂ ತಗಡು, ಡಾಕ್ಟರೂ ತಗಡು. ಮಾತು ಸಿಗುತ್ತದೆ, ಮಾತಾಡಿದವರು ಸಿಗುವುದಿಲ್ಲ. ರೂಢಿಯಾಗುತ್ತದಂತೆ. ಅಳತೆ ತೆಗೆದುಕೊಂಡಿದ್ದಾರೆ, ನನ್ನದು ಬರಲು ಸಮಯವಿದೆ.

ದಾರಿಯಲ್ಲಿ ಸೊಸೆ ಕೈ ಹಿಡಿದು ರಸ್ತೆ ದಾಟಿಸಿದಳು. ಮೆಷಿನ್ ಬಂದ ಮೇಲೆ ಟೇಪು ಮತ್ತೆ ಕೇಳಬಹುದು, ಕಂಪ್ಯೂಟರಿನಲ್ಲಿದೆ, ಎಲ್ಲಿಗೂ ಹೋಗುವುದಿಲ್ಲ ಎಂದು ಬಲಗಿವಿಯ ಹತ್ತಿರ ಹೇಳಿದಳು. ಬೇಡ ಎಂದೆ. ತಗಡಿನ ಗಂಡನನ್ನು ಕೇಳಲು ನಾನು ಇಷ್ಟು ದೂರ ಬಂದೆನೆ? ಧ್ವನಿ ಮರೆತುಹೋಗಿದೆ, ಅದಕ್ಕೇ ಬಂದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ನಡುರಸ್ತೆಯಲ್ಲಿ. ಅವಳು ನಗಲಿಲ್ಲ. ಆ ಕಡೆ ತಲುಪುವವರೆಗೂ ಕೈ ಬಿಡಲಿಲ್ಲ.

ಏಪ್ರಿಲ್ ೬, ಶನಿವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಸಂಜೆ ಸೊಸೆ ಬಂದು ಕಿಟಕಿಯ ಬೆಳಕಿಗೆ ಎದುರಾಗಿ ಸ್ಟೂಲು ಹಾಕಿ ಕುಳಿತಳು, ಮುಖ ನನಗೆ ಚೆನ್ನಾಗಿ ಕಾಣುವ ಹಾಗೆ. ವಾರವಿಡೀ ಮಾವನ ಟೇಪೇ ಕೆಲಸ, ಪ್ರತಿಯೊಂದನ್ನೂ ಕೇಳಿ ಕೇಳಿ ವಿವರ ಬರೆಯಬೇಕು, ಈಗ ಬಾಯಿಪಾಠವಾಗಿದೆ ಎಂದಳು. ಆಮೇಲೆ ನನ್ನ ಬಲಗಡೆ ಬಾಗಿ,

"ಅವರ ಧ್ವನಿ ನನ್ನ ಹತ್ರ ಇಲ್ಲ ಅತ್ತೆ. ಅವರು ಹೇಗೆ ಹೇಳ್ತಾರೆ ಅನ್ನೋದು ಇದೆ. ಹೇಳ್ಲಾ?" ಎಂದು ಕೇಳಿದಳು.

ಅವಳೇನು ಹೇಳುತ್ತಾಳೆ, ನಾಟಕದವರ ಹಾಗೆ ಅಣಕಿಸುತ್ತಾಳೆ ಎಂದುಕೊಂಡೆ. ಅವಳು ಬೆನ್ನು ನೆಟ್ಟಗೆ ಮಾಡಿದಳು. ಗಲ್ಲವನ್ನು ಎದೆಗೆ ಇಳಿಸಿದಳು. ಗಂಟಲು ಸರಿಮಾಡಿಕೊಂಡಳು, ಒಮ್ಮೆ, ತಡೆದು ಇನ್ನೊಮ್ಮೆ, ಬೇರೆಯವರ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವರ ಹಾಗೆ. ಆ ಗಂಟಲು ನನಗೆ ಗೊತ್ತು. ನಾನು ಅಡುಗೆಮನೆಯಲ್ಲಿದ್ದರೆ ಅವರು ಹೊರಗಿನಿಂದ ಬಂದದ್ದು ನನಗೆ ತಿಳಿಯುತ್ತಿದ್ದದ್ದೇ ಅದರಿಂದ.

"ಬೆಳಗಿನ ಜಾವ," ಎಂದಳು. ನಿಲ್ಲಿಸಿದಳು. "ಹಳ್ಳದ ಬಲಗಡೆ. ಗಾಳಿ ಇಲ್ಲ. ಮೋಡ ಇದೆ." ಮತ್ತೆ ನಿಲ್ಲಿಸಿದಳು. ಅವಳಿಗೆ ಅಷ್ಟು ನಿಧಾನ ಹುಟ್ಟಿನಿಂದ ಬಂದದ್ದಲ್ಲ, ಅದು ಅವಳದಲ್ಲ. "ಹಕ್ಕಿ ಒಂದೇ. ಕಾಣಿಸಲಿಲ್ಲ. ಕೂಗು ಮಾತ್ರ."

ಮುಗಿಯಿತು ಎಂದುಕೊಂಡೆ. ಅವಳ ಗಲ್ಲ ಇನ್ನೂ ಮೇಲೇಳಲಿಲ್ಲ. ಬಾಗಿಲು ಎಳೆದುಕೊಳ್ಳುವ ಹಾಗೆ ತುಟಿ ಮುಚ್ಚಿ, ಸ್ವಲ್ಪ ತಡೆದು,

"ಅಷ್ಟೇ."

ನಾನು ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಇಳಿಸಿ ಹೇಳುತ್ತಿದ್ದರು ಅದನ್ನು, ಭಾರವಾದದ್ದನ್ನು ನೆಲಕ್ಕೆ ಬಡಿಯದೆ ಇಡುವವರ ಹಾಗೆ. ನಾನು ಇಷ್ಟು ವರ್ಷ ಅದನ್ನು ಬಾಯಿ ಮುಚ್ಚಿಸುವ ಮಾತೆಂದು ತಿಳಿದು ಅದರ ಮೇಲೆ ಎಷ್ಟು ಜಗಳವಾಡಿದೆ. ಕಾಡಿನಲ್ಲಿ ಹಕ್ಕಿಗೂ ಅದನ್ನೇ ಹೇಳಿ ಬರುತ್ತಿದ್ದರು.

ಆಗ ಬಂತು. ಕಿವಿಯಿಂದಲ್ಲ. ಎಲ್ಲಿಂದ ಎಂದು ಕೇಳಿದರೆ ನಾಲ್ಕನೆಯ ತರಗತಿಯವಳಿಗೆ ಹೇಳಲು ಬರುವುದಿಲ್ಲ. ಬಂತು, ಒಂದು ಗಳಿಗೆ ಇತ್ತು, ಅವರದೇ.

ಇನ್ನೊಂದು ಸಲ ಹೇಳೇ ಎಂದೆ. ಹೇಳಿದಳು. ಮತ್ತೂ ಕೇಳಿದೆ. ಒಲೆಯ ಮೇಲೆ ಹಾಲು ಉಕ್ಕುವವರೆಗೂ ಹೇಳಿಸಿದೆ. ಸದ್ದಿಗೆ ಅವಳು ಓಡಿದಳು, ವಾಸನೆಗೆ ನಾನು.

ಆಮೇಲೆ ಒಬ್ಬಳೇ ಕುಳಿತು ನಕ್ಕೆ. ಅವರಿಗೆ ಹಕ್ಕಿ ಕಾಣಿಸಲಿಲ್ಲ, ಕೂಗು ಕೇಳಿಸಿತು. ನನಗೆ ಯಂತ್ರ ಕಾಣಿಸಿತು, ಕೂಗು ಕೇಳಿಸಲಿಲ್ಲ. ಒಳ್ಳೆಯ ಜೋಡಿ.

ಟೇಪುಗಳು ಇನ್ನೂ ಬೇಕಾದಷ್ಟಿವೆಯಂತೆ, ಒಲೆಗೆ ಹಾಕಬೇಕಾದವು. ಸಂಜೆಗೊಂದು ಹೇಳುತ್ತೇನೆ ಎಂದಿದ್ದಾಳೆ ನನ್ನ ಹುಡುಗಿ. ನಾಳೆಯದು ಗೂಬೆಯಂತೆ. ಗೂಬೆಯ ಕೂಗನ್ನೂ ಹಾಕಿ ಹೇಳಬೇಕು, ಬರಿಯ ಮಾತು ಸಾಲದು ಎಂದು ತಾಕೀತು ಮಾಡಿದ್ದೇನೆ. ಅದಕ್ಕೆ ಈಗಲೇ ಗಿಣಿಯ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದಾಳೆ, ಇಬ್ಬರೂ ಬಾಯಿ ಗುಂಡಗೆ ಮಾಡಿಕೊಂಡು ನಡುಮನೆಯಲ್ಲಿ ನಿಂತಿದ್ದಾರೆ.

ಗಿಣಿಗೆ ಶಾಲೆಯ ಪ್ರವಾಸಕ್ಕೆ ಚೀಲ ಬೇಕಂತೆ. ಬಾಗಿಲ ಹಿಂದಿನದನ್ನು ಖಾಲಿ ಮಾಡಿ ಕೊಟ್ಟೆ. ಬಟ್ಟೆ ಸೊಸೆಯ ಬೀರುವಿನ ಕೆಳಗಿನ ಅರೆಯಲ್ಲಿಟ್ಟಿದ್ದೇನೆ.

ಅಷ್ಟೇ.